ಕೊಳವೆಯೊಳಗಿನ ಮೋಡ

ಆತ ಕಣವೇಗವರ್ಧಕದ ಕಂಟ್ರೋಲ್ ರೂಮಿನಲ್ಲಿ ಆಪರೇಟರು. ಮನೆಯಲ್ಲಿ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟೇಳುವ ಈ ಮಹಾನುಭಾವನಿಗೆ ಸಂಬಳ ಬರುತ್ತಿದ್ದುದು ಮಾತ್ರ ಕೊಳವೆ ತೊಳೆಯುವುದಕ್ಕೆ.

ತೊಳೆಯಲು ನೀರೂ ಇಲ್ಲ, ಬ್ರಷ್ಷೂ ಇಲ್ಲ. ಗಾಳಿ ಹೀರಿ ತೆಗೆದ ಉದ್ದನೆಯ ಕೊಳವೆಯಲ್ಲಿ ಪ್ರೋಟಾನುಗಳು ಗೊಂಚಲು ಗೊಂಚಲಾಗಿ ಓಡುತ್ತವೆ. ಈ ಸಾಲಿಗೆ ಬೀಮ್ ಎಂದು ಹೆಸರು. ದಾರಿ ತಪ್ಪಿದ ಎಲೆಕ್ಟ್ರಾನೊಂದು ಅದರ ಸೆಳೆತಕ್ಕೆ ಸಿಕ್ಕಿ ಗೋಡೆಗೆ ಬಡಿದರೆ ಅಲ್ಲಿಂದ ಎರಡು ಏಳುತ್ತವೆ. ಆ ಎರಡು ಬಡಿದರೆ ನಾಲ್ಕು. ಒಬ್ಬ ನೆಂಟ ಬಂದನೆಂದು ಬಾಗಿಲು ತೆರೆದರೆ ಹಿಂದೆಯೇ ಅವನ ಭಾವಮೈದುನರೆಲ್ಲ ನುಗ್ಗಿದ ಹಾಗೆ. ಕೊನೆಗೆ ಕೊಳವೆ ತುಂಬ ಎಲೆಕ್ಟ್ರಾನುಗಳ ಮೋಡ. ಮುಂದಿನ ಗೊಂಚಲುಗಳು ಹೇಗೋ ದಾಟುತ್ತವೆ, ಹಿಂದಿನವು ತತ್ತರಿಸುತ್ತವೆ. ಇದಕ್ಕಿರುವ ಮದ್ದೆಂದರೆ ಪ್ರಯೋಗಗಳನ್ನು ಬದಿಗಿಟ್ಟು, ವಾರಗಟ್ಟಲೆ ಆ ಮೋಡದಿಂದಲೇ ಗೋಡೆಗೆ ಹೊಡೆಸುತ್ತಾ ಕೂರುವುದು. ಪೆಟ್ಟು ತಿಂದೂ ತಿಂದೂ ಗೋಡೆ ಎಲೆಕ್ಟ್ರಾನು ಉಗುಳುವುದನ್ನು ಕಡಿಮೆ ಮಾಡುತ್ತದೆ.

"ಅಂದ್ರೆ ಕೊಳೆನೇ ಕೊಳೆ ತೊಳೆಯುತ್ತೆ, ನೀವು ನೋಡ್ತಾ ಕೂತಿರ್ತೀರಿ," ಎಂದಿದ್ದಳು ಹೆಂಡತಿ. "ನಿಮಗೆ ಹೇಳಿ ಮಾಡಿಸಿದ ಕೆಲಸ ಬಿಡಿ."

ಆ ಸಲ ತೊಳೆಯುವುದು ಅರ್ಧ ಮುಗಿದಿತ್ತು, ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕರು ಬಂದರು. "ನಾಳೆ ಗಣ್ಯರು ಬರ್ತಾರೆ. ಪೂರ್ತಿ ಬೀಮ್ ಓಡಿಸಿ ತೋರಿಸ್ಬೇಕು. ಆಗುತ್ತಲ್ವಾ?"

ಆಗದೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. "ಯಾಕಾಗಲ್ಲ ಸಾರ್, ಆಗುತ್ತೆ," ಎಂದ. ಕೆಲಸಕ್ಕೆ ಸೇರಿದಾಗಿನಿಂದ ನಾಲಿಗೆಗೆ ಬೇರೆ ಮಾತು ಅಭ್ಯಾಸವಿರಲಿಲ್ಲ.

ಮರುದಿನ ಗಣ್ಯರು ಪರದೆಯ ಮುಂದೆ ಆಸೀನರಾದರು. ಗೊಂಚಲುಗಳು ಒಳಹೊಕ್ಕವು. ಒಂದಷ್ಟು ಹೊತ್ತು ಎಲ್ಲವೂ ಚೆಂದ. ಆಮೇಲೆ ಮೋಡ ಕವಿದು ಕೊಳವೆಯೊಳಗಿನ ಒತ್ತಡ ಏರಿತು, ಹಿಂದಿನ ಗೊಂಚಲುಗಳು ಹೊಯ್ದಾಡಿದವು, ರಕ್ಷಣಾ ವ್ಯವಸ್ಥೆ ಇಡೀ ಬೀಮನ್ನೇ ಹೊರದಬ್ಬಿತು. ಪರದೆ ಖಾಲಿ.

ನಿರ್ದೇಶಕರು ಅಳುಕದೆ, "ಈಗ ನೀವು ನೋಡಿದ್ದು ನಮ್ಮ ಸುರಕ್ಷತಾ ಪ್ರದರ್ಶನ," ಎಂದರು. ಗಣ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆತನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಇನ್ನೊಂದ್ಸಲ ತೋರಿಸ್ರೀ," ಎಂದು ನಿರ್ದೇಶಕರು ಕಿವಿಯಲ್ಲಿ ಉಸುರಿದಾಗ ತನಗೇ ಗೊತ್ತಿಲ್ಲದಂತೆ ಬಾಯಿಂದ ಬಿತ್ತು: "ಆಗಲ್ಲ ಸಾರ್. ಕೊಳವೆ ತೊಳೆದು ಮುಗಿದಿಲ್ಲ."

ಆತನಿಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾಯಿತು. 'ಆಗುತ್ತೆ' ಎನ್ನುವವರಿಗೇನು ಬರವೇ? ಆತ ಮತ್ತೆ ತೊಳೆಯುತ್ತಾ ಕೂತ. ಕಡೆಗೊಂದು ಮಧ್ಯಾಹ್ನ ಇಡೀ ಸಾಲು ಬಾಲದ ಗೊಂಚಲುಗಳವರೆಗೂ ಹೊಯ್ದಾಡದೆ ಓಡಿತು. ನೋಡಲು ಗಣ್ಯರ್ಯಾರೂ ಇರಲಿಲ್ಲ. ತಡೆಯಲಾರದೆ ಮನೆಗೆ ಫೋನ್ ಮಾಡಿದ.

"ಬಾಲ ಅಲ್ಲಾಡ್ತಿಲ್ಲ ಕಣೇ!"

"ಯಾರದು, ನಿಮ್ಮದಾ?" ಎಂದಳು ಹೆಂಡತಿ. "ಒಳ್ಳೇದಾಯ್ತು. ಬರ್ತಾ ಹಾಲು ತನ್ನಿ."

ಆತ ನಗುತ್ತಲೇ ಫೋನ್ ಇಟ್ಟ.