ಹಾಡು ಕೇಳಿ ಹಲ್ಲು ಕಟ್ಟುವ ಡಾಕ್ಟರು

ಸಕ್ಕರೆ ಕಾರ್ಖಾನೆಯ ಮುಂಜಾವಿನ ಕೂಗು ಮಂಡ್ಯದ ಮೇಲೆ ಹಾಯುವಷ್ಟರಲ್ಲಿ ಪೇಟೆಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ ಪಂಪ್ ಸ್ಟೌ ಭರ್ರೆಂದು ಉರಿಯುತ್ತಿದೆ. ಮೇಲಿನ ಪಾತ್ರೆಯಲ್ಲಿ ಕುದಿಯುತ್ತಿರುವುದು ಕಾಫಿಯ ನೀರಲ್ಲ. ಇಕ್ಕಳ, ಸೂಜಿ, ಬಾಯೊಳಗೆ ಹಿಡಿಯುವ ಸಣ್ಣ ಕನ್ನಡಿ. ಪಕ್ಕದಲ್ಲಿ ತೋಳು ಮಡಿಸಿ ನಿಂತಿರುವ ತೆಳ್ಳನೆಯ ಯುವಕ ಕರಿಸಿದ್ದಯ್ಯ. ಬೊಂಬಾಯಿಯಲ್ಲಿ ಹಲ್ಲಿನ ವೈದ್ಯಕೀಯ ಓದಿ ಬಂದು ಇನ್ನೂ ವರ್ಷ ತುಂಬಿಲ್ಲ. ಇವತ್ತು ಮದ್ದೂರಿನ ಸಂತೆ. ಸಾಮಾನೆಲ್ಲ ತಗಡಿನ ಟ್ರಂಕು ಸೇರಬೇಕು, ಟ್ರಂಕು ಮೊದಲ ಬಸ್ಸಿನ ನೆತ್ತಿ ಏರಬೇಕು. ಅದಕ್ಕಿಂತ ಹೆಚ್ಚಾಗಿ, ಸಂತೆ ಮುಗಿಯುವುದರೊಳಗೆ ಒಂದು ಹಾಡು ಸರಿಹೋಗಬೇಕು.

ಆ ಹಾಡು ವೈದ್ಯನಾಥಪುರದ ದೊಡ್ಡತಾಯಮ್ಮನದು. ಸುತ್ತಲ ಊರುಗಳಲ್ಲಿ ಚಪ್ಪರ ಎದ್ದರೆ ಸೋಬಾನೆಗೆ ಆಕೆಯೇ ಬರಬೇಕು. ಹಲ್ಲುದುರಿ ಪದಗಳೆಲ್ಲ ಗಾಳಿಯಾದ ಮೇಲೆ ಆಕೆ ಹಾಡಲು ಬಾಯಿ ಬಿಟ್ಟಿರಲಿಲ್ಲ. ನಾಳೆ ಮೊಮ್ಮಗಳ ಮದುವೆ. ಅದಕ್ಕೆಂದೇ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ರಾಗ ಎಳೆದ ಕೂಡಲೇ ಜಾರಿ ನಾಲಿಗೆಯ ಮೇಲೆ ಬೀಳುತ್ತಿದೆಯಂತೆ. ಕರಿಸಿದ್ದಯ್ಯ ಸ್ವಂತ ಕೈಯಿಂದ ಈ ಸೀಮೆಯಲ್ಲಿ ಕಟ್ಟಿದ ಮೊದಲ ಪೂರ್ತಿ ಸೆಟ್ಟು ಅದು.

"ಅಜ್ಜಿ ನಾಳೆ ಹಾಡ್ದಿದ್ರೆ ನನ್ನ ಬೋರ್ಡು ನಾನೇ ಇಳಿಸ್ಬೇಕಾಯ್ತದೆ," ಎನ್ನುತ್ತಾನೆ. ಆದರೂ ಕಣ್ಣಲ್ಲಿ ಹೆದರಿಕೆಗಿಂತ ಉಮೇದೇ ಹೆಚ್ಚು.

ಊರು ಕೊತ್ತತ್ತಿ. ಅಪ್ಪ ದೇವಯ್ಯ ನಾಲೆ ನೀರಿನ ಗದ್ದೆಯ ರೈತ. ಮಗ ಅಮಲ್ದಾರನಾಗಲಿ ಎಂದು ಕನಸು ಕಂಡವರು. ಮಗ ಹಲ್ಲಿನ ಓದು ಹಿಡಿದಾಗ ಜಗಲಿಯ ಮೇಲೆ ಕೂತು ಆಡಿದ ಮಾತು ಊರಿಗೆಲ್ಲ ಬಾಯಿಪಾಠವಾಗಿದೆ: "ಹಲ್ಲು ಕೀಳಾಕೆ ಬೊಂಬಾಯ್ಗ್ಯಾಕ್ಲಾ ಓಯ್ತೀಯೆ? ಸಂತೇಲಿ ಕೀಳಾಕಿಲ್ವಾ?" ಈಗ ಅದೇ ದೇವಯ್ಯ ಸಿಕ್ಕವರ ಬಾಯಿಯನ್ನೆಲ್ಲ ಬಗ್ಗಿ ನೋಡಿ ಮಂಡ್ಯಕ್ಕೆ ಅಟ್ಟುತ್ತಾರೆ.

ಯುದ್ಧ ಮುಗಿದರೂ ಪೆಟ್ರೋಲು ಸಲೀಸಾಗಿ ಸಿಗುತ್ತಿಲ್ಲ. ಇದ್ದಿಲಿನ ಬಸ್ಸು ಕೆಮ್ಮುತ್ತ ಕೆಮ್ಮುತ್ತ ಮದ್ದೂರು ಮುಟ್ಟಿದಾಗ ಬಿಸಿಲು ಏರಿದೆ. ಬೆಲ್ಲದ ಮಂಡಿಯ ಹಿಂದಿನ ಕೋಣೆಯಲ್ಲಿ ಒಂದು ಮರದ ಕುರ್ಚಿ, ಹೊಲಿಗೆ ಯಂತ್ರದ ತಮ್ಮನಂತೆ ಕಾಣುವ, ಕಾಲಲ್ಲಿ ತುಳಿದು ತಿರುಗಿಸುವ ಹಲ್ಲು ಕೊರೆಯುವ ಯಂತ್ರ, ಹೊರಗೆ ಬೆಂಚು. ಮದ್ದೂರಿನ ಸಂತೆಗೆ ಇಲ್ಲಿ, ಮಳವಳ್ಳಿಯ ಸಂತೆಗೆ ಅಲ್ಲಿ, ಉಳಿದ ದಿನ ಮಂಡ್ಯ. ಬೆಂಚು ಒಮ್ಮೆಯೂ ಬರಿದಾಗುವುದಿಲ್ಲ.

ಬಂದವರಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದೇ, ಕಿತ್ತು ಹಾಕಿ ಎಂದು. ಕರಿಸಿದ್ದಯ್ಯನ ಅರ್ಧ ದಿನ ಕೀಳದಿರುವುದಕ್ಕೆ ಒಪ್ಪಿಸುವುದರಲ್ಲೇ ಕಳೆಯುತ್ತದೆ. ಕಬ್ಬು ಸಿಗಿದು ಹಲ್ಲು ಮುಕ್ಕಾದವನಿಗೆ ಅಂಚು ಉಜ್ಜಿ ಕಳಿಸುತ್ತಾನೆ. ರಾತ್ರಿಯೆಲ್ಲ ಅತ್ತ ಮಗುವನ್ನು ಹೊತ್ತು ತಂದ ತಾಯಿಯನ್ನು ಮೊದಲು ಕೂರಿಸಿ ನೀರು ಕೊಡುತ್ತಾನೆ. ಅವಳು ಸುಧಾರಿಸಿಕೊಂಡ ಮೇಲೇ ಮಗುವಿನ ಸರದಿ. ದವಡೆ ಬಾತು ಜ್ವರ ಬಂದವನನ್ನು ಮುಟ್ಟದೆ ಮೈಸೂರಿನ ಆಸ್ಪತ್ರೆಗೆ ಹೊರಡಿಸುತ್ತಾನೆ. "ಇದು ನನ್ನ ಕೈಲಾಗೋದಲ್ಲ ಅನ್ನೋದ್ನೂ ಕಲಿತೇ ಬಂದಿವ್ನಿ," ಎಂದು ನಗುತ್ತಾನೆ.

ಹೊತ್ತು ನೆತ್ತಿಗೆ ಬರುವಾಗ ದೊಡ್ಡತಾಯಮ್ಮ ಬರುತ್ತಾಳೆ. ಜೊತೆಗೆ ಸೋಬಾನೆಯಲ್ಲಿ ಆಕೆಗೆ ದನಿ ಸೇರಿಸುವ ಗೆಳತಿ ಚಿಕ್ಕಬೋರಮ್ಮ. ದೊಡ್ಡತಾಯಮ್ಮ ಬಾಗಿಲಾಚೆಯೇ ನಿಂತು ಬಾಯಲ್ಲಿದ್ದುದನ್ನು ಉಗಿದು, ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು, ಸೆಟ್ಟು ಹಾಕಿಕೊಂಡು ಕುರ್ಚಿ ಏರುತ್ತಾಳೆ. ಕರಿಸಿದ್ದಯ್ಯ ಹಾಡಲು ಹೇಳುತ್ತಾನೆ. ಹಾಡುತ್ತಾಳೆ. ಸೆಟ್ಟು ಮಿಸುಕುವುದಿಲ್ಲ. ಇನ್ನೂ ಎತ್ತರದ ದನಿಯಲ್ಲಿ ಹಾಡಿಸುತ್ತಾನೆ. ಬಂಡೆಯಂತೆ ಕೂತಿದೆ. ಡಾಕ್ಟರಿಗೆ ತಲೆಬುಡ ತಿಳಿಯುತ್ತಿಲ್ಲ. ಬೀಳದಿರುವ ಸೆಟ್ಟನ್ನು ರಿಪೇರಿ ಮಾಡುವುದು ಹೇಗೆ?

ಬಾಗಿಲಲ್ಲಿ ಕೂತ ಚಿಕ್ಕಬೋರಮ್ಮನಿಗೆ ನಗು ತಡೆಯದು. "ಬರೀ ಬಾಯಲ್ಲಿ ಇವ್ಳ್ಯಾವತ್ತು ಹಾಡವ್ಳೆ ಡಾಕ್ಟ್ರಪ್ಪ? ದವ್ಡೇಲಿ ಎಲೆಅಡ್ಕೆ ಇಲ್ದಿದ್ರೆ ಇವ್ಳ ಗಂಟ್ಲೇ ಬಿಚ್ಚಾಕಿಲ್ಲ."

ಕರಿಸಿದ್ದಯ್ಯ ಹಣೆ ಚಚ್ಚಿಕೊಳ್ಳುತ್ತಾನೆ. ಅಚ್ಚು ತೆಗೆದ ದಿನವೂ, ಮೇಣದ ಮೇಲೆ ಹಲ್ಲು ಕೂರಿಸಿ ನೋಡಿದ ದಿನವೂ ಅಜ್ಜಿ ಹೀಗೆಯೇ ಉಗಿದು ಬಂದಿದ್ದಳು. ಅವನು ಅಳತೆ ಹಿಡಿದದ್ದು ಖಾಲಿ ಬಾಯಿಗೆ. ಹಾಡುವುದು ಎಡಗೆನ್ನೆ ಉಬ್ಬಿದ ಬಾಯಿ. ಅಲ್ಲಿನ ಉಂಡೆ ಸೆಟ್ಟಿನ ಅಂಚನ್ನು ಒತ್ತಿ ಕೆಳಗೆ ನೂಕುತ್ತಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ ದೊಡ್ಡತಾಯಮ್ಮ ಅವನನ್ನೇ ಗದರುತ್ತಾಳೆ: "ಡಾಕ್ಟ್ರ ಮುಂದೆ ಎಲೆ ಮೆಲ್ಕೊಂಡು ಕೂರಾಕಾಯ್ತದಾ ಮಗ? ಮರ್ವಾದೆ ಬ್ಯಾಡ್ವಾ?"

ಅವನಾದರೂ ಹಿರಿಯರೆದುರು ಹೋಗುವ ಮುನ್ನ ಬಾಯಲ್ಲಿನ ಎಲೆ ಉಗಿದು ಬರುವ ಮನೆಯ ಮಗನೇ. ಎರಡು ಮಾತಿಲ್ಲ. ತಪ್ಪು ತನ್ನದೆಂದು ಎಲ್ಲರೆದುರು ಒಪ್ಪಿಕೊಂಡು, ಎಲೆಚೀಲ ಬಿಚ್ಚಲು ಚಿಕ್ಕಬೋರಮ್ಮನಿಗೆ ಹೇಳುತ್ತಾನೆ. ಆದರೆ ಹೊಗೆಸೊಪ್ಪಿಗೆ ಕೈ ಅಡ್ಡ ಹಿಡಿಯುತ್ತಾನೆ. ವಸಡು ಸುಟ್ಟಿರುವುದನ್ನು ಕನ್ನಡಿಯಲ್ಲಿ ತೋರಿಸುತ್ತಾನೆ. ಕುರ್ಚಿಯ ಮೇಲೇ ಚೌಕಾಸಿ ನಡೆಯುತ್ತದೆ. ಕೊನೆಗೆ ಹೊಗೆಸೊಪ್ಪು ಕಿಟಕಿಯಾಚೆ ಹಾರುತ್ತದೆ; ಎಲೆ, ಅಡಿಕೆ, ಸುಣ್ಣ ಗೆಲ್ಲುತ್ತವೆ.

ಆಮೇಲಿನ ಗಡಿಬಿಡಿಯನ್ನು ನೋಡಬೇಕು! ಅಜ್ಜಿ ಹಾಡುತ್ತಾಳೆ, ಸೆಟ್ಟು ಬೀಳುತ್ತದೆ. ಕರಿಸಿದ್ದಯ್ಯ ಯಂತ್ರ ತುಳಿದು ಎಡದ ಅಂಚನ್ನು ಕೂದಲೆಳೆಯಷ್ಟು ಸವೆಸಿ, ತೊಳೆದು ಕೊಡುತ್ತಾನೆ. ಮತ್ತೆ ಹಾಡು, ಮತ್ತೆ ಯಂತ್ರ. ಹೆಚ್ಚು ಸವೆದರೆ ಹಿಡಿತವೇ ಹೋಗುತ್ತದೆ. ಹೊಸದು ಕಟ್ಟುವುದು ನಾಳೆಯೊಳಗೆ ಆಗದ ಮಾತು. ಅವನ ಕಣ್ಣು ಅಂಚಿನ ಮೇಲೆ, ಕಿವಿ ಹಾಡಿನ ಮೇಲೆ. ಕುಂಬಳಕಾಯಿ ಕುಕ್ಕೆ ಹೊತ್ತವರು, ಬಳೆ ಮಾರುವವರು ಬಾಗಿಲಲ್ಲಿ ಮುತ್ತಿದ್ದಾರೆ. ಹೆಂಗಸರು ಆಗಲೇ ಸೊಲ್ಲಿಗೆ ಸೊಲ್ಲು ಕೂಡಿಸುತ್ತಿದ್ದಾರೆ.

ಒಂದು ಸಲ ಆಕೆ ದನಿ ಎತ್ತಿ, ಎಳೆದು, ತಿರುಗಿಸಿ, ಉಸಿರು ಮುಗಿಯುವವರೆಗೂ ನಿಲ್ಲಿಸುತ್ತಾಳೆ. ಕೆನ್ನೆ ಉಬ್ಬಿದೆ. ಸೆಟ್ಟು ಅಲ್ಲಾಡಿಲ್ಲ. ಚಿಕ್ಕಬೋರಮ್ಮ ಮೂಗಿನ ಮೇಲೆ ಬೆರಳಿಟ್ಟು, "ಇನ್ಮೇಲೆ ಇವ್ಳ ಬಾಯಿ ಮುಚ್ಸೋರು ಯಾರಪ್ಪ?" ಎಂದಾಗ ಬೀದಿಯೇ ನಗುತ್ತದೆ. ಕರಿಸಿದ್ದಯ್ಯ ಮಾತ್ರ ಬೆನ್ನು ತಿರುಗಿಸಿ ಬಹಳ ಹೊತ್ತು ಕೈ ತೊಳೆಯುತ್ತಾನೆ.

ಮಾರನೆಯ ಬೆಳಗ್ಗೆ ವೈದ್ಯನಾಥಪುರದಲ್ಲಿ ಚಪ್ಪರದ ಕೊನೆಯ ಕಂಬಕ್ಕೆ ಒರಗಿ ನಿಂತಿದ್ದಾನೆ. ಯಾರಿಗೂ ಅವನ ಗುರುತಿಲ್ಲ; ಎಲ್ಲರ ಮುಖವೂ ಒಳಗಿನಿಂದ ಏರಿ ಬರುತ್ತಿರುವ ಸೋಬಾನೆಯ ಕಡೆಗಿದೆ. ಹಲ್ಲಿನ ವಿಚಾರ ಯಾರೂ ಎತ್ತುವುದಿಲ್ಲ. ಪಾನಕದ ಲೋಟ ಹಂಚುತ್ತ ಬಂದ ಹಿರಿಯರೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ವಿಚಾರಿಸುತ್ತಾರೆ.

ಕರಿಸಿದ್ದಯ್ಯ ಲೋಟ ಈಸಿಕೊಳ್ಳುತ್ತಾನೆ. ಒಳಗೆ ದನಿ ಎತ್ತರಕ್ಕೆ ಹೋಗಿ ನಿಂತಿದೆ. ಅದು ಸುಖವಾಗಿ ಕೆಳಗಿಳಿಯುವವರೆಗೂ ಕಾದು ಉತ್ತರ ಕೊಡುತ್ತಾನೆ.

"ನಾನು ಹಾಡಿನ ಕಡೆಯೋನು ಕಣಣ್ಣ."