ಅಕ್ಕಿ ಮಂಡಿಯಲ್ಲಿ ಮೂರು ಸಭೆ

ಆ ವರ್ಷ ನಮ್ಮ ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ನಡೆಯಬಾರದು ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದೆ. ಹೊರಗೆ ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಆ ಮೆರವಣಿಗೆಯನ್ನು ಶುರು ಮಾಡಿದ ನಾಲ್ಕೈದು ಜನರಲ್ಲಿ ನನ್ನ ಅಪ್ಪನೂ ಒಬ್ಬರು, ವರ್ತಕರ ಸಂಘದಲ್ಲಿ ನಾನು ಕೂರುತ್ತಿದ್ದುದು ಅಪ್ಪನ ಜಾಗದಲ್ಲಿ.

ಕನಕಪುರದ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ನಾನು ಶಾಲೆಯ ಟೀಚರ್ ಕೆಲಸ ಬಿಟ್ಟು ಗಲ್ಲಾದ ಹಿಂದೆ ಕೂತೆ. ಕೂತೆ ಅನ್ನುವುದು ಸುಮ್ಮನೆ ಮಾತಿಗೆ. ಒಂದು ಕಡೆ ಕೂರುವ ಜಾಯಮಾನವೇ ನನ್ನದಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒರೆಸಿಟ್ಟ ತಂಬಿಗೆಯನ್ನೇ ಮತ್ತೆ ಒರೆಸುತ್ತೇನೆ, ಸಾಲಾಗಿರುವ ಕುಕ್ಕರುಗಳನ್ನು ಇನ್ನೊಂದು ಸಾಲಿಗೆ ಎತ್ತಿಡುತ್ತೇನೆ, ಬಾಗಿಲಿಗೆ ಬಂದು ಬೀದಿ ನೋಡುತ್ತೇನೆ, ಒಳಗೆ ಬರುತ್ತೇನೆ. ಅಪ್ಪ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಬಲಗೈ, ಬಲಗಾಲು ಮಾತು ಕೇಳುತ್ತಿರಲಿಲ್ಲ. ಬಾಯಿಂದ ಹೊರಡುವ ಮಾತು ಬೇರೆಯವರ ಕಿವಿಗೆ ಗೊಳಗೊಳ ಎಂದಷ್ಟೇ ಕೇಳಿಸುತ್ತಿತ್ತು. ದಿನವೆಲ್ಲ ಜೊತೆಗಿದ್ದು ಇದ್ದು ನನಗೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಅವರ ಕಿವಿ, ಬುದ್ಧಿ ಎರಡೂ ಮೊದಲಿಗಿಂತ ಚುರುಕಾಗಿದ್ದವು. ಅದೇ ನನ್ನ ಕಷ್ಟ.

ಕೊರೊನಾಗಿಂತ ಮುಂಚೆ ನಮ್ಮ ಮೆರವಣಿಗೆ ಹೇಗಿರುತ್ತಿತ್ತು ಎಂದರೆ, ದೊಡ್ಡಆಲಹಳ್ಳಿಯಿಂದ ಟ್ರ್ಯಾಕ್ಟರ್ ಬರುತ್ತಿತ್ತು, ಅದರ ಮೇಲೆ ಬಾಳೆಕಂದು, ಚೆಂಡುಹೂವು, ತಾಯಿ ಭುವನೇಶ್ವರಿಯ ಪಟ. ಉಯ್ಯಂಬಳ್ಳಿ ಕಡೆಯ ಪೂಜಾ ಕುಣಿತದವರು, ಅವರ ಹಿಂದೆ ತಮಟೆ, ಅದರ ಹಿಂದೆ ಬಿಸಿಲಿಗೆ ಕೆಂಪಾದ ಶಾಲೆ ಮಕ್ಕಳು. ಎಲ್ಲರಿಗಿಂತ ಮುಂದೆ ಬಾವುಟ ಹಿಡಿದು ನನ್ನ ಅಪ್ಪ. ಬಾವುಟದ ಬಿದಿರು ಅವರಿಗಿಂತ ಎರಡು ಪಟ್ಟು ಉದ್ದ. ಬೇರೆ ಯಾರಾದರೂ ಹಿಡಿಯುತ್ತೇವೆಂದರೆ ಕೊಡುತ್ತಿರಲಿಲ್ಲ. ಆಮೇಲೆ ಎಲ್ಲ ನಿಂತುಹೋಯಿತು, ಅಪ್ಪನಿಗೂ ಹೀಗಾಯಿತು. ಈಗ ಮತ್ತೆ ಮಾಡೋಣವೇ ಎಂಬ ಮಾತು ಎದ್ದಿತ್ತು, ಅದೂ ದೀಪಾವಳಿಯೂ ರಾಜ್ಯೋತ್ಸವವೂ ಒತ್ತೊತ್ತಿಗೆ ಬಂದ ವರ್ಷ.

ನಮ್ಮ ಸಂಘದ ಒಂದು ರೀತಿ ಹೇಳಬೇಕು. ಮಧ್ಯಾಹ್ನ ವ್ಯಾಪಾರ ಮಂಕಾಗುವ ಹೊತ್ತಿಗೆ ಅಧ್ಯಕ್ಷರ ಅಕ್ಕಿ ಮಂಡಿಯಲ್ಲಿ ಸಭೆ. ಹಿರಿಯರು ಕುರ್ಚಿಯ ಮೇಲೆ, ಉಳಿದವರು ಮೂಟೆಗಳ ಮೇಲೆ. ಅಧ್ಯಕ್ಷರು ಪಟ್ಟಿ ಹಿಡಿದು ಒಂದೊಂದೇ ವಿಷಯ ಓದುತ್ತಾರೆ. ಓದುವುದು ಮಾತಾಡಿದ ಲೆಕ್ಕವಲ್ಲ. ಆದರೆ ಆ ವಿಷಯದ ಬಗ್ಗೆ ಮೊದಲು ಯಾರು ಬಾಯಿ ಬಿಡುತ್ತಾರೋ, ಉಳಿದವರು ಹೂಂ ಅಂದರೆ ಆ ಕೆಲಸ ಅವರ ತಲೆಗೇ. ಒಮ್ಮೆ ಬಟ್ಟೆ ಅಂಗಡಿಯವರು ಚರಂಡಿ ವಾಸನೆ ಬರುತ್ತಿದೆ ಎಂದು ಮೂಗು ಮುಚ್ಚಿಕೊಂಡದ್ದೇ ತಡ, ಬೀದಿಯ ಉದ್ದಕ್ಕೂ ಚಪ್ಪಡಿ ಹಾಕಿಸುವ ಜವಾಬ್ದಾರಿ ಅವರದಾಯಿತು. ಹೀಗಾಗಿ ಸಭೆಯಲ್ಲಿ ಎಲ್ಲರೂ ತುಟಿ ಹೊಲಿದುಕೊಂಡು ಕೂರುವುದೇ ರೂಢಿ. ಮೂರು ಸಭೆ ಯಾರೂ ಉಸಿರೆತ್ತದಿದ್ದರೆ ಆ ವಿಷಯವನ್ನು ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಬೇಡ ಎಂದು ಯಾರೂ ಹೇಳಬೇಕಾಗಿಲ್ಲ, ಯಾರಿಗೂ ಕೆಟ್ಟ ಹೆಸರಿಲ್ಲ.

ಮೊದಲ ಸಭೆಗೆ ಹೊರಟಾಗ ಅಪ್ಪ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಮರೀಬ್ಯಾಡ ಕಣವ್ವ. ಮೆರವಣಿಗೆ ಇಸ್ಯ ನೀನೇ ಎತ್ತು. ಕೆಲ್ಸ ನಮ್ ತಲೆ ಮ್ಯಾಲೇ ಬೀಳ್ಲಿ."

ಆಯಿತು ಎಂದೆ. ಮಂಡಿಯಲ್ಲಿ ಅಧ್ಯಕ್ಷರು ಓದಿದರು: "ರಾಜ್ಯೋತ್ಸವದ ಮೆರವಣಿಗೆ ಇಸ್ಯ ಐತೆ. ಯಾರಾರ ಏನಾರ ಹೇಳೋದಿದ್ರೆ ಹೇಳಿ." ಹೋಟೆಲಿನವರು ಬೋಂಡಾ ಮುರಿದರು. ಬಟ್ಟೆ ಅಂಗಡಿಯವರು ಮೊಬೈಲ್ ತಿರುವಿದರು. ದೀಪಾವಳಿ ವ್ಯಾಪಾರದ ವಾರದಲ್ಲಿ ಬೀದಿ ಮುಚ್ಚಿಸಿದವನು ಎಂಬ ಹೆಸರು ಯಾರಿಗೂ ಬೇಡವಾಗಿತ್ತು. ನಾನು ಮೂಟೆಯ ದಾರ ಎಳೆಯುತ್ತ ಕೂತಿದ್ದೆ. ಕಣ್ಣ ಮುಂದೆ ಒಂದೇ ಚಿತ್ರ: ಅಪ್ಪ ಬಾವುಟ ನನಗೇ ಕೊಡಿ ಎಂದು ಹಟ ಹಿಡಿಯುವುದು, ಕಾಲೆಳೆಯುತ್ತ ನಾಲ್ಕು ಹೆಜ್ಜೆ ಇಡುವುದು, ಇಡೀ ಪೇಟೆಯ ಮುಂದೆ ಬಾವುಟದ ಸಮೇತ ಮಗುಚಿ ಬೀಳುವುದು, ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿಯುವುದು. ನಾನು ಬಾಯಿ ಬಿಡಲಿಲ್ಲ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು.

ಅಂಗಡಿಗೆ ಬಂದಾಗ ಅಪ್ಪ ಬಾಗಿಲಿನತ್ತಲೇ ನೋಡುತ್ತಿದ್ದರು. "ಏನಂದ್ರವ್ವ?"

"ಕೇಳ್ದೆ ಅಪ್ಪ. ಅವರಿಗೆ ಯಾಪಾರದ್ದೇ ಚಿಂತೆ. ನೋಡಾಣ ಅಂದ್ರು."

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಆವತ್ತೇ ಸಂಜೆಯಿಂದ ಅಪ್ಪ ಅಂಗಡಿಯೊಳಗೆ ನಡೆಯಲು ಶುರು ಮಾಡಿದರು. ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಗೋಗರೆದರೂ ಏಳದಿದ್ದವರು ಈಗ ಕೊಳಗ, ಹಂಡೆಗಳ ಸಾಲಿನ ಮಧ್ಯೆ ಎಡಗೈಯಲ್ಲಿ ಕಪಾಟು ಹಿಡಿದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಒಂದು ದಿನ ಲೋಟಗಳ ಸಾಲಿಗೆ ಮೊಣಕೈ ತಗುಲಿ ಎಲ್ಲ ಉರುಳಿದವು. ಆ ಸದ್ದಿಗೆ ಪಕ್ಕದ ಬಳೆ ಅಂಗಡಿಯವನು ಓಡಿ ಬಂದ. ಅಪ್ಪ ನಕ್ಕರು, ನನಗೆ ಮೈಯೆಲ್ಲ ಉರಿಯಿತು. ಬಾವುಟಕ್ಕೇ ಈ ತಾಲೀಮು ಎಂದುಕೊಂಡು, "ಕೂತ್ಕೊಳಪ್ಪ, ಯಾವ ಸಂಭ್ರಮಕ್ಕೆ ಇದೆಲ್ಲ?" ಎಂದು ಗದರಿಸಿದೆ. ಅವರು ಕೂರಲಿಲ್ಲ.

ಎರಡನೆಯ ಸಭೆಯಲ್ಲೂ ನಾನು ಮೂಟೆಯ ದಾರವನ್ನೇ ಎಳೆದೆ. ಹೋಟೆಲಿನವರು ಒಮ್ಮೆ ನನ್ನತ್ತ ನೋಡಿದರು. ನಾನು ಹೇಳಿದರೆ ಜೊತೆಗೆ ನಿಲ್ಲುವೆ ಎನ್ನುವ ಹಾಗಿತ್ತು ಆ ನೋಟ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ. ಮನೆಗೆ ಬಂದ ಮೇಲೆ ಅಪ್ಪನಿಗೆ ಹೇಳಿದ ಸುಳ್ಳು ಮಾತ್ರ ಮೊದಲಿನದಕ್ಕಿಂತ ಕೆಟ್ಟದು. ಯಾಕೆ ಒಪ್ಪಲಿಲ್ಲ, ಯಾರು ಏನಂದರು ಎಂದು ಅವರು ಬೆನ್ನು ಬಿದ್ದಾಗ ರೇಗಿ, "ಹೆಂಗಸಿಗೇನು ಗೊತ್ತಾಯ್ತದೆ ಅಂತ ಎಲ್ಲಾ ನಕ್ಕುಬುಟ್ರು. ಸಾಕಾ?" ಎಂದುಬಿಟ್ಟೆ. ಆ ಮಂಡಿಯಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಅಂದವರು ಯಾರೂ ಇಲ್ಲ. ಅಕ್ಕ ಎಂದೇ ಕರೆಯುತ್ತಾರೆ, ನಾನು ಮೂಟೆಯೇ ಸಾಕೆಂದರೂ ಎದ್ದು ಕುರ್ಚಿ ಬಿಡುತ್ತಾರೆ. ಅವರಿಗೆ ಇಲ್ಲದ ದುಷ್ಟತನ ಅಂಟಿಸಿ ನನ್ನ ತಪ್ಪು ಮುಚ್ಚಿಕೊಂಡೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟರು.

ಮೂರನೆಯ ಸಭೆಯ ದಿನ ಬೆಳಗಿನಿಂದ ಅದದೇ ತಂಬಿಗೆಗಳನ್ನು ಒರೆಸಿದೆ. ಇದೊಂದು ದಾಟಿದರೆ ಆಯಿತು, ಪಟ್ಟಿಯಿಂದ ಹೊಡೆಯುತ್ತಾರೆ, ಅಪ್ಪ ಒಂದಿಷ್ಟು ದಿನ ಬೇಜಾರು ಮಾಡಿಕೊಂಡು ಮರೆಯುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅಂಗಡಿಯನ್ನು ಬಳೆ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ ಮಂಡಿಗೆ ಹೋದೆ. ಅಧ್ಯಕ್ಷರು ಓದಿದರು. ಎಲ್ಲರೂ ಸುಮ್ಮನಾದರು. ಅವರು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಬಾಗಿಲ ಬಳಿ ಕೂತವರು ಒಬ್ಬೊಬ್ಬರಾಗಿ ಏಳತೊಡಗಿದರು.

ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗುಂಡಿ ಒಂದು ಮೇಲೆ ಒಂದು ಕೆಳಗೆ. ಎಡಗೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಮುಖದಲ್ಲಿ ಬೆವರು ಇಳಿಯುತ್ತಿತ್ತು. ಹನ್ನೊಂದು ಅಂಗಡಿ ದಾಟಿ ಒಬ್ಬರೇ ಬಂದಿದ್ದರು. ಯಾರೋ ಕುರ್ಚಿ ತಂದರು, ಕೂರಲಿಲ್ಲ. ಮಾತಾಡಿದರು. ಉದ್ದಕ್ಕೆ, ಕೋಪದಲ್ಲಿ, ಜೊಲ್ಲು ಒರೆಸಿಕೊಳ್ಳುತ್ತ. ನನ್ನೊಬ್ಬಳ ಹೊರತು ಮಂಡಿಯಲ್ಲಿದ್ದ ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

"ಏನಂತವ್ರೆ ಯಜಮಾನ್ರು?" ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಒಸಿ ಬುಡಿಸಿ ಹೇಳವ್ವ."

ಅಪ್ಪ ಮೆರವಣಿಗೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಾವುಟದ ಬಗ್ಗೆಯೂ ಆಡಿರಲಿಲ್ಲ. ನನ್ನ ಪರವಾಗಿ ಜಗಳಕ್ಕೆ ಬಂದಿದ್ದರು. ಅದನ್ನು ಹಾಗೇ ಹೇಳಿದರೆ ಮಂಡಿಯವರಿಗೆಲ್ಲ ನಾನು ಸುಳ್ಳಿ ಎಂದು ಗೊತ್ತಾಗುತ್ತದೆ. ತಿರುಚಿ ಹೇಳಿದರೆ ಎದುರಿಗೇ ನಿಂತ ಅಪ್ಪನಿಗೆ ಗೊತ್ತಾಗುತ್ತದೆ. ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು, ಹೇಳು ಎನ್ನುವ ಹಾಗೆ ಗದ್ದ ಎತ್ತಿದರು.

ಹೇಳಿದೆ. ಒಂದು ಮಾತನ್ನೂ ಬಿಡದೆ, ಅವರು ಆಡಿದ ಹಾಗೇ ಹೇಳಿದೆ. "ನನ್ ಮಗ್ಳು ಎರಡು ದಪ ನಿಮ್ಮುನ್ನ ಕೇಳವ್ಳೆ. ಹೆಂಗಸು ಅಂತ ನೀವು ನಗಾಡಿ ಕಳ್ಸಿದ್ದೀರಿ. ಮೂವತ್ತು ವರ್ಸ ನಿಮ್ ಜೊತೇಲಿ ಕೂತಿದ್ದೆ, ಯಾರ್ ಮಾತ್ಗೂ ನಾನು ನಗಾಡಿರ್ನಿಲ್ಲ. ಅವ್ಳಿಗೆ ಮರ್ವಾದೆ ಕೊಡಕ್ಕಾಗ್ದಿದ್ರೆ ನಮ್ ಅಂಗ್ಡಿ ಹೆಸ್ರು ಸಂಘದಿಂದ ಹೊಡ್ದಾಕಿ, ಅಂತಾರೆ."

ಹೊರಗೆ ಆಟೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು. ಬಟ್ಟೆ ಅಂಗಡಿಯವರು ಬಾಯಿ ತೆರೆದು ಮುಚ್ಚಿದರು. ಯಾವಾಗ ಕೇಳಿದಳು ಎಂದು ಅವರಲ್ಲಿ ಒಬ್ಬರು ಅಂದಿದ್ದರೂ ನಾನು ಭೂಮಿಗಿಳಿದು ಹೋಗುತ್ತಿದ್ದೆ. ಅನ್ನಲು ಎಲ್ಲ ಹಕ್ಕೂ ಅವರಿಗಿತ್ತು. ಹೋಟೆಲಿನವರು ನನ್ನತ್ತ ಒಮ್ಮೆ ನೋಡಿ, ಎದ್ದು ಹೋಗಿ ಅಪ್ಪನ ಎಡಗೈ ಹಿಡಿದುಕೊಂಡರು.

"ತಪ್ಪಾಯ್ತು ಅಣ್ಣ," ಎಂದರು. "ಅಕ್ಕ ಕೇಳುದ್ರು. ನಾವೇ ಕಿವಿಗಾಕಳ್ನಿಲ್ಲ."

ಬೇರೆಯವರೂ ತಲೆಯಾಡಿಸಿದರು. ಮಾಡದ ತಪ್ಪಿಗೆ ಹತ್ತು ಹನ್ನೆರಡು ಗಂಡಸರು ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದೆ. ಮೊದಲು ಕೇಳಿದವಳು ನಾನೇ ಎಂದಾದ ಮೇಲೆ ಅಧ್ಯಕ್ಷರು ಪಟ್ಟಿಯಲ್ಲಿ ಮೆರವಣಿಗೆಯ ಎದುರಿಗೆ ನನ್ನ ಅಂಗಡಿಯ ಹೆಸರು ಬರೆದುಕೊಂಡರು. ಮೆರವಣಿಗೆ ನಡೆಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಓಡಾಡಿ ನನ್ನ ಚಪ್ಪಲಿ ಸವೆಯಿತು, ಬಾವುಟವನ್ನು ಬಟ್ಟೆ ಅಂಗಡಿಯವರು ಹಿಡಿದರು, ಅಪ್ಪ ಅಂಗಡಿ ಮುಂದೆ ಕುರ್ಚಿ ಹಾಕಿಸಿಕೊಂಡು ನೋಡಿದರು. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆದದ್ದು ಬೇರೆ, ಅದು ಆವತ್ತು ಮಂಡಿಯಿಂದ ವಾಪಸು ಬರುವಾಗಲೇ ಆಯಿತು.

ಅವರ ಮೊಣಕೈ ಹಿಡಿದು ನಿಧಾನ ನಡೆಸಿಕೊಂಡು ಬರುತ್ತಿದ್ದೆ. ಹಬ್ಬದ ಗಿರಾಕಿಗಳು ಚೀಲ ಹಿಡಿದು ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ನಾಲ್ಕು ಅಂಗಡಿ ದಾಟಿರಬಹುದು, ಅಪ್ಪ ನಿಂತರು.

"ನೀನು ಕೇಳೇ ಇರ್ನಿಲ್ಲ, ಅಲ್ವಾ?"

ನಾನು ಇನ್ನೊಂದು ಕೈಯಲ್ಲಿ ಅವರ ಅಂಗಿಯ ಗುಂಡಿ ಸರಿ ಮಾಡಲು ಹೋದೆ.

"ಅವ್ರ ಮೊಕ ನೋಡ್ದೆ. ಸುಳ್ಳೇಳಕ್ಕೆ ಬರಾಕಿಲ್ಲ ಆ ನನ್ಮಕ್ಳಿಗೆ." ಉಸಿರು ಎಳೆದುಕೊಂಡರು. "ಯಾಕವ್ವ? ನಾನು ಬಿದ್ದೋಯ್ತೀನಿ ಅಂತ ಹೆದ್ರುಕಂಡಾ? ಇಲ್ಲಾ ಹಿಂಗೆ ಕಾಲೆಳ್ಕಂಡು ಬಂದ್ರೆ ನಿಂಗೆ ನಾಚ್ಕೆ ಆಯ್ತದೆ ಅಂತಲಾ?"

ಹೆದರಿಕೆ ಎಂದಷ್ಟೇ ಹೇಳಬಹುದಿತ್ತು. ಅದೂ ನಿಜವೇ. ಆದರೆ ಆವತ್ತಿಗೆ ಸುಳ್ಳು ಸಾಕಾಗಿತ್ತು.

"ಎರಡೂ ಅಪ್ಪ," ಎಂದೆ.

ಅವರು ಮೊಣಕೈ ಬಿಡಿಸಿಕೊಂಡರು. ಜೋರಾಗಿ ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಡಿಸಿಕೊಂಡು ಒಬ್ಬರೇ ನಡೆದರು. ನಾನು ಎರಡು ಹೆಜ್ಜೆ ಹಿಂದೆ, ಕೈ ಅರ್ಧ ಚಾಚಿಕೊಂಡು. ಎಡಗಾಲು ಇಡುವುದು, ಬಲಗಾಲು ಎಳೆಯುವುದು, ನಿಲ್ಲುವುದು. ಬೀದಿಯವರೆಲ್ಲ ದಾರಿ ಬಿಟ್ಟು ನೋಡಿದರು. ನಮ್ಮ ಅಂಗಡಿಗೆ ಮೂರು ಮೆಟ್ಟಿಲು. ಇಳಿಯುವಾಗ ಹೇಗೆ ಇಳಿದಿದ್ದರೋ, ಹತ್ತುವುದು ಅವರಿಂದ ಆಗದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಕೈ ಕೊಡಲು ಮುಂದೆ ಹೋದೆ. ಅಪ್ಪ ನನ್ನತ್ತ ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಳೆ ಅಂಗಡಿಯವನ ಕಡೆ ಎಡಗೈ ಚಾಚಿದರು. ಅವನು ಇಳಿದು ಬಂದು ಹೆಗಲು ಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿಸಿದ. ಇಬ್ಬರೂ ಒಳಗೆ ಹೋದರು.

ನಮ್ಮ ಅಂಗಡಿಯ ಮುಂದೆಯೇ ಯಾರೋ ಗಿರಾಕಿಯ ಹಾಗೆ ನಾನು ಬಿಸಿಲಲ್ಲಿ ನಿಂತಿದ್ದೆ. ಒಳಗೆ ಹೋಗಲು ನನಗೆ ತುಂಬ ಹೊತ್ತು ಬೇಕಾಯಿತು.