ಪಾಸ್‌ವರ್ಡ್ ಕೇಳದ ಬಾಗಿಲು

ದೊಡ್ಡಾಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದವಳಿಗೆ ಎಲ್ಲರೂ ‘ಬೀಗದಕ್ಕ’ ಎಂದು ಹೆಸರಿಟ್ಟಿದ್ದರು. ಡಾಕ್ಟರರ ಮೇಜಿನ ಮೇಲೆ ಪಾಸ್‌ವರ್ಡ್ ಬರೆದ ಚೀಟಿ ಕಂಡರೆ ಅವರ ಕಣ್ಣೆದುರೇ ಹರಿದು ಬುಟ್ಟಿಗೆ ಹಾಕುವ ಹೆಂಗಸು ಅವಳು. ಬೆನ್ನ ಹಿಂದೆ ಜನ ಗೊಣಗಿದರೆ ಒಳಗೊಳಗೇ ಬೀಗುತ್ತಿದ್ದಳು.

ಅವಳ ತಂಗಿ ಶಾಲೆಯಲ್ಲಿ ಗಣಿತ ಟೀಚರು. ಹೊಟ್ಟೆಯಲ್ಲಿದ್ದ ಮಗು ಉಳಿಯದೆ ಹೋದಮೇಲೆ ಅನ್ನ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಮನೋವೈದ್ಯರ ಹತ್ತಿರ ಹೋಗೋಣವೆಂದರೆ ಒಲ್ಲೆನೆಂದು ಹಟ ಹಿಡಿದಳು.

“ಯಾರಿಗಾದ್ರೂ ಗೊತ್ತಾದ್ರೆ ಹುಚ್ಚಿ ಅಂತಾರೆ ಕಣೇ.”

“ನಮ್ಮ ಆಸ್ಪತ್ರೆಗೇ ಬಾ. ಅಲ್ಲಿ ಬೀಗ ಹಾಕೋಳು ನಾನೇ ಅಲ್ವೇನೇ?”

ಆ ಮಾತನ್ನು ನಂಬಿ ಬಂದಳು. ನಿಧಾನಕ್ಕೆ ಗೆಲುವಾದಳು, ಮತ್ತೆ ಪಾಠಕ್ಕೆ ನಿಂತಳು.

ಆಮೇಲೊಂದು ಬೆಳಿಗ್ಗೆ, ಆಸ್ಪತ್ರೆಯ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಿಂದ ಎಚ್ಚರಿಕೆ ಬಂತು. ಬ್ರೌಸರಿನ ವಿಳಾಸದ ಸಾಲಿನ ಕೊನೆಗೆ ಅಕ್ಷರಗಳ ಒಂದು ತುಣುಕು ಸೇರಿಸಿದರೆ ಸರ್ವರ್ ಪಾಸ್‌ವರ್ಡನ್ನೇ ಕೇಳದೆ ರೋಗಿಗಳ ಫೈಲು ತೆರೆದು ತೋರಿಸುತ್ತದಂತೆ. ಬೀಗದಕ್ಕ ಸ್ವಾಗತದ ಮೇಜಿನ ಕಂಪ್ಯೂಟರಿನಲ್ಲಿ ಮಾಡಿ ನೋಡಿದಳು. ಯಾರೋ ಮುದುಕರ ರಕ್ತಪರೀಕ್ಷೆ ಪರದೆ ತುಂಬ ಹರಡಿಕೊಂಡಿತು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಸಾಹೇಬರ ಕೋಣೆಗೆ ಓಡಿದಳು.

“ಸರ್, ಇವತ್ತೇ ಸರ್ವರ್ ನಿಲ್ಲಿಸಿ ಸರಿ ಮಾಡ್ಬೇಕು.”

“ಹೊಸ ಕಟ್ಟಡದ ಉದ್ಘಾಟನೆ ಇಟ್ಕೊಂಡು ಸರ್ವರ್ ನಿಲ್ಲಿಸ್ತಾರೇನಮ್ಮಾ? ನಮ್ಮ ಮನೆ ಬಾಗಿಲನ್ನೇ ಹುಡುಕ್ಕೊಂಡು ಯಾವ ಕಳ್ಳ ಬರ್ತಾನೆ? ಸಮಾರಂಭ ಮುಗೀಲಿ.”

ಸರ್ವರ್ ನಿಲ್ಲಿಸದೆ, ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ಬರುವ ದಾರಿಯನ್ನಷ್ಟೇ ಮುಚ್ಚುವುದು ಅವಳ ಕೈಯಲ್ಲೇ ಇತ್ತು. ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಸಾಹೇಬರ ಮುಖ ನೆನಪಾಯಿತು. ಬೆರಳು ತೆಗೆದಳು.

ಉದ್ಘಾಟನೆಯ ಹಾರ ಬಾಡುವ ಮೊದಲೇ ರೋಗಿಗಳ ಹೆಸರು, ಕಾಯಿಲೆ, ಮಾತ್ರೆಗಳೆಲ್ಲ ಇಂಟರ್ನೆಟ್ಟಿನಲ್ಲಿ ಬೀದಿಪಾಲಾಗಿದ್ದವು. ತಂಗಿಯ ಫೈಲು ಶಾಲೆಯ ಪೋಷಕರ ವಾಟ್ಸಾಪ್ ಗುಂಪಿಗೆ ಬಂತು. “ಇಂಥವರ ಕೈಗೆ ಮಕ್ಕಳನ್ನ ಹೇಗೆ ಬಿಡೋದು?” ಎಂದು ಶುರುವಾಯಿತು. ಹೆಡ್‌ಮಿಸ್ಸು ಕರೆದು, ಟೀ ಕೊಟ್ಟು, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ” ಎಂದರು. ಮತ್ತೆ ಬನ್ನಿ ಎನ್ನಲಿಲ್ಲ. ಅತ್ತ ಸಾಹೇಬರು, ರೋಗಿಗಳಿಗೆ ಯಾವ ತೊಂದರೆಯೂ ಆಗಿಲ್ಲವೆಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು.

ತಂಗಿ ಅಕ್ಕನ ಮನೆಗೆ ಬಂದಳು. ಹೊಸ್ತಿಲ ಆಚೆಯೇ ನಿಂತಳು.

“ನಿಂಗೆ ಮೊದಲೇ ಗೊತ್ತಿತ್ತಾ?”

ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದಳೇನೋ. ಬೀಗದಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಗೊತ್ತಿತ್ತು. ಸಾಹೇಬರಿಗೆ ಹೇಳ್ದೆ. ಅವರು ಕೇಳ್ಲಿಲ್ಲ.”

“ಅವರಿಗೆ ಹೇಳ್ದೆ. ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?”

ತಂಗಿ ನೀರನ್ನೂ ಮುಟ್ಟದೆ ಹೊರಟುಹೋದಳು.

ಆಸ್ಪತ್ರೆ ನೇಮಿಸಿದ ಸಮಿತಿಯ ವಿಚಾರಣೆಯಲ್ಲಿ ಬೀಗದಕ್ಕ ಒಂದನ್ನೂ ಮುಚ್ಚಿಡಲಿಲ್ಲ. ತಾನು ದಾರಿ ಮುಚ್ಚದೆ ಸುಮ್ಮನಿದ್ದದ್ದನ್ನೂ ಹೇಳಿದಳು. ಸಮಿತಿಯವರು ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ತಪ್ಪು ಸಿಕ್ಕಿದ್ದು ಅವಳಲ್ಲೇ: ಅನುಮತಿಯಿಲ್ಲದೆ ಮುದುಕರೊಬ್ಬರ ಫೈಲು ತೆರೆದದ್ದು. ಅವಳ ಕೆಲಸ ಹೋಯಿತು. ಹೊಸ ಕಟ್ಟಡದ ಉಸ್ತುವಾರಿಯೂ ಸಾಹೇಬರ ಪಾಲಿಗೇ ಬಂತು.

ತಂಗಿ ಈಗ ಬೇರೆ ಊರಿನಲ್ಲಿ, ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಅಕ್ಕ ಫೋನ್ ಮಾಡಿದರೆ ಎತ್ತುತ್ತಾಳೆ, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡುತ್ತಾಳೆ. “ನೀನು ಹೇಗಿದೀಯೇ?” ಎಂದರೆ, “ಚೆನ್ನಾಗಿದೀನಿ” ಎಂದು ಇಟ್ಟುಬಿಡುತ್ತಾಳೆ. ಮತ್ತೆ ನಿದ್ದೆ ಬಿಟ್ಟಿದ್ದಾಳಂತೆ, ಯಾವ ಡಾಕ್ಟರ ಹತ್ತಿರವೂ ಹೋಗುವುದಿಲ್ಲವಂತೆ. ಇದನ್ನು ಅಮ್ಮ ಹೇಳಿದ್ದು.